ಪಾಂಡೆಲಿಸನ ಮೊಣಕೈ

“ಎಡಕ್ಕೆ ಬಿಟ್ಟೆ!” ಮರಿಗೋ ಕಿರುಚಿದಳು. “ಮತ್ತೆ ಮೊಣಕೈ ಹೊರಗೆ ಬಂತು ನೋಡು. ಕುರುಡನಿಗೂ ಗೊತ್ತಾಗತ್ತೆ ಮಾರಾಯ!”

ತಳ ಕಿತ್ತ ಹಳೆಯ ಬೂಟಿನೊಳಗಿಂದ ಗಂಡ ಪಾಂಡೆಲಿಸ್ ಕೈ ಹೊರತೆಗೆದ. ಕೆಳಗೆ ಉಣ್ಣೆ ಹಾಸಿದ ಎರಡು ಬಟ್ಟಲು. ಕಡಲೆಕಾಳು ಎಡದ್ದರಲ್ಲೇ ಬಿದ್ದಿತ್ತು. ನಾಳೆ ಇಗರ್ಜಿಯಲ್ಲಿ ಚುನಾವಣೆ; ಅಲ್ಲಿ ಬೂಟಿನ ಬದಲು ತಗಡಿನ ಕೊಳವೆ, ಕಡಲೆಯ ಬದಲು ಸೀಸದ ಗುಂಡು. ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಬಲಕ್ಕೆ ಬಿಟ್ಟರೆ ಬೇಕು, ಎಡಕ್ಕೆ ಬಿಟ್ಟರೆ ಬೇಡ. ಒಳಗೆ ಬಟ್ಟೆ ಹೊದಿಸಿದ್ದರಿಂದ ಸದ್ದಾಗದು. ಆದರೆ ಧಣಿಯ ಬಂಟ ವ್ರೆತ್ತೋಸ್ ಸದ್ದಿಗೆ ಕಾಯುವವನಲ್ಲ, ಮೊಣಕೈ ನೋಡುವವನು.

ಧಣಿ ಝಾನ್ನಿಸ್ ಇವರ ಮಗಳನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಧರ್ಮಪಿತ. ಪಾಂಡೆಲಿಸ್ ಮೂಟೆ ಹೊರುವುದೂ ಆತನ ಗೋದಾಮಿನಲ್ಲೇ. ದೋಣಿ ನಿಲ್ಲಲು ಧಕ್ಕೆ ಕಟ್ಟಿಸುತ್ತೇನೆಂದು ಮೂರು ಸಲ ಗೆದ್ದು ಅಥೆನ್ಸಿನ ಸಂಸತ್ತಿಗೆ ಹೋದ ಧಣಿ ಈ ಸಲವೂ ನಿಂತಿದ್ದ. ಆ ಧಕ್ಕೆಯಿಲ್ಲದ ದಡದಲ್ಲೇ, ಮನೆ ಬಾಗಿಲಿಗೆ ಕಾಣುವಷ್ಟು ಹತ್ತಿರದಲ್ಲಿ, ಮರಿಗೋಳ ಅಣ್ಣನ ದೋಣಿ ಬಂಡೆಗೆ ಬಡಿದು ಅವನು ಮುಳುಗಿ ಸತ್ತಿದ್ದ.

“ಎಡಕ್ಕೇ ಹಾಕ್ತೀನಿ ಅಂತ ಸಂತ ನಿಕೊಲಾಸನ ಮೇಲೆ ಆಣೆ ಮಾಡು.”

“ಎಷ್ಟು ಸಲ ಮಾಡ್ಲೇ? ಸಂತನಿಗೂ ಬೇಜಾರಾದೀತು!”

ಸಂಜೆಯ ಹೊತ್ತಿಗೆ ಅವಳು ಬಲ ಎಂದು ಊಹಿಸಿದರೆ ಕಾಳು ಎಡಕ್ಕಿತ್ತು, ಎಡ ಎಂದರೆ ಬಲಕ್ಕೆ. ಮರಿಗೋ ಚಪ್ಪಾಳೆ ತಟ್ಟಿ ಕುಣಿದುಬಿಟ್ಟಳು.

ಮರುದಿನ ಇಗರ್ಜಿಯ ಬಾಗಿಲಲ್ಲಿ ಓಟಿಲ್ಲದ ಹೆಂಗಸರ ನೂಕುನುಗ್ಗಲು. ಮರಿಗೋ ತುದಿಗಾಲಲ್ಲಿ ನಿಂತು ಇಣುಕಿದಳು. ಪಾಂಡೆಲಿಸ್ ಧಣಿಯ ಪೆಟ್ಟಿಗೆಯೊಳಗೆ ಕೈಯಿಟ್ಟ. ವ್ರೆತ್ತೋಸನ ಕತ್ತು ಕೊಕ್ಕರೆಯಂತೆ ಉದ್ದವಾಯಿತು. ಮೊಣಕೈ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಏನಯ್ಯಾ, ಕೈ ಒಳಗೇ ನಿದ್ದೆ ಹೋಯ್ತಾ?” ಯಾರೋ ಕೂಗಿದರು. ಇಗರ್ಜಿಯೇ ನಕ್ಕಿತು.

“ಬಲಕ್ಕೆ ತಾನೇ?” ವ್ರೆತ್ತೋಸ್ ಅಡ್ಡ ಬಂದ.

“ಮಗಳ ಧರ್ಮಪಿತರಿಗೆ ಇನ್ನೆಲ್ಲಿಗೆ ಹಾಕ್ತಾರಣ್ಣ?”

ಎಷ್ಟು ಸಲೀಸಾಗಿ ಹೇಳಿದನೆಂದರೆ ಅದು ಸುಳ್ಳೋ ನಿಜವೋ ಮರಿಗೋಳಿಗೇ ತಿಳಿಯಲಿಲ್ಲ.

ಎಣಿಕೆ ಮುಗಿದು ಗಂಟೆಗಳು ಬಾರಿಸಿದವು. ಧಣಿ ಸೋತಿದ್ದ! ಗೊತ್ತಿಲ್ಲದವರನ್ನೂ ತಬ್ಬಿಕೊಂಡು ಮರಿಗೋ ಗಂಟಲು ಕಟ್ಟುವಷ್ಟು ಕೂಗಿ ಮನೆಗೆ ಬಂದರೆ, ಹೊಸ್ತಿಲಲ್ಲಿ ವ್ರೆತ್ತೋಸ್. ಕೈಯಲ್ಲಿ ಆಲಿವ್ ಎಣ್ಣೆಯ ಜಾಡಿ.

“ಸೋತರೂ ನಿಯತ್ತಿನವರು ಯಾರು ಅಂತ ಧಣಿಗಳಿಗೆ ಗೊತ್ತಪ್ಪ. ನಾಳೆ ಬೇಗ ಬಾ, ಹಡಗು ಬರತ್ತೆ.”

ಪಾಂಡೆಲಿಸ್ ತಲೆಬಾಗಿ ಜಾಡಿ ತಗೊಂಡ. ಅವನ ಮುಖ ಕೆಂಪಾಗಲಿಲ್ಲ.

ಬಾಗಿಲು ಮುಚ್ಚುತ್ತಲೇ ಮರಿಗೋ ಕೇಳಿದಳು: “ಎಡಕ್ಕೇ ಹಾಕಿದೆ ತಾನೇ?”

“ನೋಡ್ತಾ ಇದ್ದವಳು ನೀನು. ನೀನೇ ಹೇಳು.”

ಅವನು ನಗುತ್ತ ರೊಟ್ಟಿ ಮುರಿದು ಎಣ್ಣೆಗದ್ದಿದ. ಅವಳ ಕಣ್ಣು ಅವನ ಮೊಣಕೈ ಮೇಲೆಯೇ ಇತ್ತು. ಅದು ಮೇಜಿನ ಮೇಲೆ ಕಲ್ಲಿನಂತೆ ಊರಿತ್ತು.