ಕ್ಲಚ್ಚಿಗೆ ಹೆಬ್ಬೆರಳಿನಷ್ಟು ಸಡಿಲ

ಚಿಕ್ಕೇರೂರಿನ ಹೊಳಬಸಪ್ಪನ ಪಿಕಪ್ ಗಾಡಿ ಮೂರು ವಾರದಿಂದ ಏರು ಹತ್ತಲು ಒಲ್ಲೆ ಎನ್ನುತ್ತಿತ್ತು. ಬಯಲಿನಲ್ಲಿ ಸುಮ್ಮನೆ ಓಡುತ್ತಿತ್ತು. ಹತ್ತಿ ಹೇರಿಕೊಂಡು ಕೆರೆ ಏರಿಯ ಹತ್ತಿರ ಬಂತೆಂದರೆ ಮುಗಿಯಿತು. ಇಂಜಿನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು, ಗಾಲಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಮೇಲೆ ಸುಟ್ಟ ನಾತ ಬೇರೆ. ಹಿಂದಿನ ಬುಧವಾರವಂತೂ ಹಿಂದೆ ಕೂತಿದ್ದ ನಾಲ್ವರು ಹೆಣ್ಣುಮಕ್ಕಳ ಸಮೇತ ಗಾಡಿ ಹಿಂದಕ್ಕೆ ಜಾರಿತು. ಬ್ರೇಕು ಹಿಡಿಯಿತು, ಎಲ್ಲರೂ ಉಳಿದರು.

ಅಂದಿನಿಂದ ಹೊಳಬಸಪ್ಪನಿಗೆ ರೊಟ್ಟಿ ಸೇರುತ್ತಿರಲಿಲ್ಲ.

"ಈ ಸಂತಿಗೆ ಒಯ್ದು ಮಾರಿಬಿಡ್ತೇನಿ," ಎಂದ ಹೆಂಡತಿ ಸಾವಂತ್ರವ್ವನಿಗೆ. "ಗಾಡಿಗೆ ವಯಸ್ಸಾತು. ಮಂದಿ ಜೀವ ಹೋದ ಮ್ಯಾಲ ಬುದ್ಧಿ ಬಂದ್ರ ಏನ್ ಬಂತು?"

ಮಿಲಿಟರಿ ಹರಾಜಿನಲ್ಲಿ ಈ ಗಾಡಿ ಹಿಡಿದು ತಂದ ದಿನ ಗಂಡ ನಕ್ಕಷ್ಟು ತಮ್ಮ ಮದುವೆಯ ದಿನವೂ ನಕ್ಕಿರಲಿಲ್ಲ ಎಂಬುದು ಸಾವಂತ್ರವ್ವನ ಹಳೆಯ ತಕರಾರು. ಬೆಳಗಾದರೆ ತನ್ನ ಮುಖಕ್ಕಿಂತ ಮೊದಲು ಗಾಡಿಯ ಮುಖ ತೊಳೆಯುವ ಮನುಷ್ಯ. ಅನ್ನ ಕೊಡುವ ಗಾಡಿ ಎಂದು ಒಳಗೆ ಚಪ್ಪಲಿ ಕೂಡ ಮೆಟ್ಟುತ್ತಿರಲಿಲ್ಲ, ಕಳಚಿ ಸೀಟಿನ ಹಿಂದೆ ಇಟ್ಟು ಬರಿಗಾಲಲ್ಲಿ ಓಡಿಸುತ್ತಿದ್ದ. ಇಂಥವನು ಗಾಡಿ ಮಾರಿ ಹೇಗೆ ಬದುಕಿಯಾನು?

ಸಂಜೆ ಅವನ ಕಾಲಿಗೆ ಔಡಲೆಣ್ಣೆ ಹಚ್ಚಲು ಕೂತಳು. ಬಲ ಹಿಮ್ಮಡಿಯ ತುಂಬ ಬೊಬ್ಬೆ ಎದ್ದಿದ್ದವು.

"ಇದೇನ್ರಿ ಇದು?"

"ಇಂಜಿನ್ನಿನ ಕಾವು. ಕಾಲ ಕೆಳಗಿನ ತಗಡು ರೊಟ್ಟಿ ಹಂಚಿನಂಗ ಕಾದಿರ್ತೈತಿ."

"ಎಡಗಾಲಿಗೆ ಒಂದೂ ಇಲ್ಲಲ್ಲ. ಕಾವು ಬಲಗಾಲನ್ನಷ್ಟ ಹುಡುಕ್ಕೊಂಡು ಬರ್ತೈತೇನು?"

"ಬಲಗಾಲು ಆಕ್ಸಿಲೇಟರ್ ಬಿಡಂಗಿಲ್ಲ. ಸುಟ್ರೂ ಅಲ್ಲೇ ಇರಬೇಕು. ಎಡಗಾಲಿಗೆ ಕೆಲಸ ಕಡಿಮಿ. ತಗಡಿನ ಕಾವು ಹತ್ತಬಾರದಂತ ಕ್ಲಚ್ಚಿನ ಮ್ಯಾಲ ಇಟ್ಟಿರ್ತೇನಿ. ಒತ್ತಂಗಿಲ್ಲ, ಬರೇ ಇಟ್ಟಿರ್ತೇನಿ."

ಸಾವಂತ್ರವ್ವನಿಗೆ ಗಾಡಿಯ ವಿದ್ಯೆ ಗೊತ್ತಿರಲಿಲ್ಲ. ಆದರೆ ಕೆಲಸವಿಲ್ಲದ ಕಾಲು ಕೆಲಸದ ಜಾಗದಲ್ಲಿ ಯಾಕಿರಬೇಕು ಎಂದು ಅವಳಿಗೆ ಸಂಶಯ ಬಂತು.

"ಮಾರೂದು ಇದ್ದೇ ಐತಿ. ದಸ್ತಗೀರಸಾಬ ಕಾಕಾಗ ಒಮ್ಮೆ ತೋರಿಸೂಣು," ಎಂದು ಹಟ ಹಿಡಿದಳು.

ದಸ್ತಗೀರಸಾಬ ಹಿರೇಕೆರೂರಿನ ಬೇವಿನ ಮರದಡಿ ಗಾಡಿ ರಿಪೇರಿ ಮಾಡುವ ಹಿರಿಯ. ಮರುದಿನ ಖಾಲಿ ಗಾಡಿ ಹೇಗೋ ಏರು ದಾಟಿ ಅವನ ಮುಂದೆ ನಿಂತಿತು. ಅವನು ನಟ್ಟು ಬಿಚ್ಚುವ ಪಾನಾ ಹಿಡಿದು ಎದ್ದರೆ ಸಾವಂತ್ರವ್ವ ಅಡ್ಡ ಬಂದಳು.

"ಕಾಕಾ, ಗಾಡಿ ಆಮ್ಯಾಲ ನೋಡ್ರಿ. ಮೊದಲ ಇವರ ಕಾಲು ನೋಡ್ರಿ."

ಹೊಳಬಸಪ್ಪನಿಗೆ ನಾಚಿಕೆಯಾಯಿತು. ದಸ್ತಗೀರಸಾಬ ಕಾಲು ನೋಡಿದ, ಕಥೆ ಕೇಳಿದ, ಗಡ್ಡ ನೀವಿಕೊಂಡ.

"ತಂಗೆವ್ವಾ, ಅರ್ಧಾ ರಿಪೇರಿ ನೀನ ಮಾಡೀದಿ. ಬಾ, ಈ ಕ್ಲಚ್ಚನ್ನ ಕೈಲೇ ಮೆಲ್ಲಕ ಒತ್ತು."

ಅವಳು ಒತ್ತಿದಳು. "ಮುಟ್ಟಿದ ಕೂಡ್ಲೇ ಬಿಗಿ ಹತ್ತತೈತ್ರಿ."

"ಅದ ತಪ್ಪು. ಮೊದಲ ಹೆಬ್ಬೆರಳಿನಗಲ ಹಗೂರಕ ಹೋಗಬೇಕು. ಆಮ್ಯಾಲ ಬಿಗಿ ಹತ್ತಬೇಕು."

"ಬಿಗಿ ಇದ್ರ ಚಲೋ ಅಲ್ಲೇನು ಕಾಕಾ?" ಎಂದ ಹೊಳಬಸಪ್ಪ. "ಎಲ್ಲಾ ಸಡಿಲ ಬಿಟ್ರ ಬಂಡಿ ಸಾಗ್ತೈತೇನು?"

"ಮೂಗುದಾರ ಸದಾ ಜಗ್ಗಿ ಹಿಡದ್ರ ಎತ್ತು ಹೆಜ್ಜಿ ಇಡ್ತೈತೇನಪಾ? ಒಳಗ ಪ್ಲೇಟ ಅದಾವು. ಅವು ಗಟ್ಟಿ ಹಿಡಕೊಂಡ್ರ ಇಂಜಿನ್ನಿನ ಜೋರು ಗಾಲಿಗೆ ಮುಟ್ಟತೈತಿ. ನೀ ಮ್ಯಾಲ ಕಾಲಿಟ್ರ ಹಿಡಿತ ಸಡಿಲಾಗಿ ತಿಕ್ಯಾಡ್ತಾವು. ಅದ ಆ ಸುಟ್ಟ ನಾತ. ತಿಕ್ಕಿ ತಿಕ್ಕಿ ಸವದಾವು. ಸವದಂಗ ಪೆಡಲಿನ ಸಡಿಲೂ ಹೋಗೇತಿ. ಈಗ ನೀ ಕಾಲು ತಗದ್ರೂ ಅವು ಪೂರ್ತಿ ಹಿಡಿಯಂಗಿಲ್ಲ."

ಇಂಜಿನ್ನು ಬಂದ್ ಮಾಡಿಸಿ, ಗಾಲಿಗೆ ಕಲ್ಲು ಕೊಟ್ಟು, ದಸ್ತಗೀರಸಾಬ ಗಾಡಿಯ ಕೆಳಗೆ ಹೊಕ್ಕ. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಸರಳಿಗೆ ಹಾಕಿದ ನಟ್ಟನ್ನು ಒಂದೊಂದು ಸುತ್ತು ತಿರುಗಿಸಿ, "ಈಗ ಒತ್ತು, ತಂಗೆವ್ವಾ," ಎನ್ನುತ್ತಿದ್ದ. ನಾಲ್ಕನೆಯ ಸಲಕ್ಕೆ ಪೆಡಲು ಹೆಬ್ಬೆರಳಿನಗಲ ಹಗುರಾಗಿ ಹೋಗಿ ನಿಂತಿತು. ನಟ್ಟು ಮತ್ತೆ ಅಲುಗದಂತೆ ಬಿಗಿದು ಹೊರಬಂದ.

"ಇದಕ್ಕಿಂತ ಬಾಳ ಸಡಿಲ ಬಿಟ್ರ ಗೇರ್ ಹಾಕೂಮುಂದ ಕರಕರ ಅಂತೈತಿ. ಕಡಿಮಿ ಬಿಟ್ರ ಏರಿನಾಗ ಕೈ ಕೊಡ್ತೈತಿ. ನಿನ್ನ ಪ್ಲೇಟಿನಾಗ ಇನ್ನೂ ಜೀವ ಐತಿ. ಪುಣ್ಯಾ ಮಾಡೀದಿ."

"ಮತ್ತ ಕಾಲು ಎಲ್ಲಿಡ್ಲಿ, ತಲಿ ಮ್ಯಾಲೇನು? ಚಪ್ಪಲಿ ಅಂತೂ ನಾ ಮೆಟ್ಟಂಗಿಲ್ಲ."

ಸಾವಂತ್ರವ್ವ ತಾನು ಹಾಸಿಕೊಂಡು ಕೂತಿದ್ದ ಕೌದಿಯನ್ನು ಮಡಚಿ ಕ್ಲಚ್ಚಿನ ಎಡಕ್ಕೆ ತಗಡಿನ ಮೇಲೆ ಹಾಸಿದಳು. ಅದು ಪೆಡಲಿನ ಕೆಳಗೆ ಜಾರದಂತೆ ದಸ್ತಗೀರಸಾಬ ತಂತಿಯಿಂದ ಬಿಗಿದ. ಆಮೇಲೆ ಚಿಕ್ಕೇರೂರಿಗೆ ಹೋಗಬೇಕಿದ್ದ ಹತ್ತಿಕಾಳಿನ ಚೀಲ ಹೇರಿಸಿ, ತಾನೇ ಪಕ್ಕದಲ್ಲಿ ಕೂತು, ಊರ ಹೊರಗಿನ ಏರನ್ನು ಎರಡು ಸಲ ಹತ್ತಿಸಿ ನೋಡಿ ಕಳಿಸಿದ.

ಚಿಕ್ಕೇರೂರಿನ ಏರಿಯ ಬುಡದಲ್ಲಿ ಮುದುಕವ್ವ ಮತ್ತಿಬ್ಬರು ಹೆಣ್ಣುಮಕ್ಕಳು ಗಂಟು ಹೊತ್ತು ನಡೆದು ಹೊರಟಿದ್ದರು. ಬುಧವಾರ ಜಾರಿದ ಗಾಡಿಯಲ್ಲಿದ್ದವರೇ ಅವರು. ಹೊಳಬಸಪ್ಪ ಗಾಡಿ ನಿಲ್ಲಿಸಿದ. ಗಾಡಿ ಹತ್ತಿರಿ ಎಂದು ಕರೆಯಲು ಅವನಿಗೆ ಬಾಯಿ ಬರಲಿಲ್ಲ.

"ನಾವು ನಡಕೋತ ಬರ್ತೇವಪಾ," ಎಂದಳು ಮುದುಕವ್ವ, ಅವನ ಮುಖ ನೋಡದೆ.

ಸಾವಂತ್ರವ್ವ ಕೆಳಗಿಳಿದಳು. ಸೆರಗು ಸಿಕ್ಕಿಸಿ ಹಿಂದೆ ಹೋಗಿ ಚೀಲದ ಮೇಲೆ ಹತ್ತಿ ಕೂತಳು.

"ಮುಂದ ಬಾ, ಸಾವಂತ್ರಿ," ಎಂದ ಗಂಡ.

"ನೀವು ಹೊಡೀರಿ. ನಿಮ್ಮ ಕಾಲ ಮ್ಯಾಲ ನನಗ ನಂಬಿಗಿ ಐತಿ."

ಮುದುಕವ್ವ ಅವಳನ್ನು ಒಂದು ಗಳಿಗೆ ನೋಡಿದಳು. ಗಂಟನ್ನು ಮೇಲಕ್ಕೆ ಕೊಟ್ಟು, "ಕೈ ಹಿಡಿಯವಾ," ಎಂದಳು. ಉಳಿದಿಬ್ಬರೂ ಹತ್ತಿದರು. ಗಾಡಿ ಎಲ್ಲಿಯೂ ತಡೆಯದೆ ಏರಿಯ ತುದಿ ಮುಟ್ಟಿತು. ಆ ವಾರದ ಸಂತೆಗೆ ಗಾಡಿ ಹೋಯಿತು, ಮಾರಲಿಕ್ಕಲ್ಲ, ಹತ್ತಿ ಹೇರಿಕೊಂಡು.

ಗಾಡಿ ಓಡಿಸುವ ಅಣ್ಣಂದಿರೇ, ತಿಂಗಳಿಗೊಮ್ಮೆ ಇಂಜಿನ್ನು ಬಂದ್ ಇಟ್ಟು ಕ್ಲಚ್ಚನ್ನು ಕೈಯಿಂದ ಒತ್ತಿ ನೋಡಿ. ಹೆಬ್ಬೆರಳಿನಗಲ ಹಗುರಾಗಿ ಹೋಗದಿದ್ದರೆ ಮೇಸ್ತ್ರಿಗೆ ತೋರಿಸದೆ ಹೇರು ಹೇರಬೇಡಿ. ಗೇರು ಬಿದ್ದ ಕೂಡಲೇ ಎಡಗಾಲು ತೆಗೆಯಿರಿ. ಅಕ್ಕತಂಗಿಯರೇ, ನಿಮಗೆ ಗಾಡಿ ಓಡಿಸಲು ಬರದಿದ್ದರೇನು, ನೋಡಲು ಬರುತ್ತದಲ್ಲ. ಪಕ್ಕದಲ್ಲಿ ಕೂತಾಗ ಆ ಎಡಗಾಲಿನ ಮೇಲೊಂದು ಕಣ್ಣಿಡಿ, ತಪ್ಪಿದ್ದರೆ ಹೇಳಿ. ಸಿಟ್ಟಾದರೆ ಆಗಲಿ. ಹಿಂದೆ ಕೂತವರು ಆ ಕಾಲನ್ನು ನಂಬಿಯೇ ಕೂತಿರುತ್ತಾರೆ.