ಬೀರುವಿಗೆ ಜಡಿದ ಬೀಗ

ಮಧ್ಯಾಹ್ನದ ಬಿಸಿಲು ಆ ಬೀದಿಯ ತಗಡಿನ ಮಾಡುಗಳ ಮೇಲೆ ಬಡಿಗೆ ಹಿಡಿದು ಬಂದವನಂತೆ ಎರಗಿತ್ತು. ಗೋಡೆಯಂಚಿನ ನೆರಳುಗಳೂ ಪೆಟ್ಟಿಗೆ ಹೆದರಿ ಮೈ ಕುಗ್ಗಿಸಿಕೊಂಡಿದ್ದವು... ಆ ನಿರ್ದಯ ಪ್ರಭೆಯಲ್ಲಿ, ಸಹೃದಯರೇ, ಬಡಗಿ ಊಟಕ್ಕೆಂದು ಮನೆಗೆ ಬಂದಾಗ ಅಡುಗೆಮನೆಯಿಂದ ಮರ ಸೀಳುವ ಸದ್ದು ಕೇಳಿತು.

ಹೆಂಡತಿಯ ಗುಟ್ಟು ಅವನಿಗೆ ತಿಳಿದು ಹದಿನೈದು ದಿನವಾಗಿತ್ತು. ದಿನವಿಡೀ ಪರರ ಸೊಂಟಕ್ಕೆ ಟೇಪು ಹಿಡಿಯುವ ದರ್ಜಿಯಾದ ಅವಳು ತನ್ನ ಸೊಂಟವನ್ನೂ ಅಳೆದಳೆದು, ಹಗಲೆಲ್ಲ ಉಪವಾಸವಿದ್ದು, ಸಂಜೆ ಸಿಕ್ಕಿದ್ದನ್ನೆಲ್ಲ ನುಂಗಿ, ಬಚ್ಚಲಲ್ಲಿ ಕಕ್ಕಿಬಿಡುತ್ತಿದ್ದಳು. ಪ್ರೀತಿಗೆ ಕೈಕೆಲಸದ ಹೊರತು ಬೇರೆ ಭಾಷೆ ಅರಿಯದ ಬಡಗಿ ತಿಂಡಿಯ ಬೀರುವಿಗೆ ಬೀಗ ಜಡಿದ. ಬಚ್ಚಲಿನ ಚಿಲಕ ಕಿತ್ತ.

ಈಗ ಆ ಬೀರು ಅವನದೇ ಉಳಿಯ ಏಟಿಗೆ ಚೂರಾಗಿತ್ತು. ಅವಳ ಅಂಗೈಯಿಂದ ನೆತ್ತರು ಮುಂಗಾರಿನ ಮೊದಲ ಹನಿಗಳಂತೆ ದಪ್ಪದಪ್ಪವಾಗಿ ತೊಟ್ಟಿಕ್ಕುತ್ತಿತ್ತು. ಬಾಯ್ತುಂಬ ಒಣ ಬ್ರೆಡ್ಡು. ಉಳಿ ಕಸಿಯಲು ಅವನು ನುಗ್ಗಿದ. ಅವಳೆಸೆದ ಪಿಂಗಾಣಿ ತಟ್ಟೆಯೊಂದು ಅವನ ಹಣೆಗೆ ಬಡಿದು ಒಡೆಯಿತು.

"ನನ್ನನ್ನೇನು ಹೆಗ್ಗಣ ಅಂದ್ಕೊಂಡ್ರಾ, ಬೀಗ ಹಾಕೋಕೆ?"

"ನೀನು ಸತ್ತುಹೋಗ್ತೀಯ ಅಂತ ಹಾಕಿದೆ ಕಣೇ."

"ಆ ಬೀಗ ನೋಡಿದಾಗೆಲ್ಲ ಹಸಿವು ಹೆಚ್ಚಾಗುತ್ತೆ ರೀ. ನಾಚಿಕೆನೂ..."

ಮಾತು ಮುಗಿಯುವ ಮುನ್ನವೇ ಅವಳು ಚೂರುಗಳ ಮೇಲೆ ಕುಸಿದಳು.

ಕಕ್ಕಿ ಕಕ್ಕಿ ರಕ್ತದ ಲವಣ ಇಳಿದು, ಎದೆಬಡಿತ ತಾಳ ತಪ್ಪಿತ್ತು. ಆಸ್ಪತ್ರೆಯಲ್ಲಿ ಇಬ್ಬರ ಗಾಯಗಳಿಗೂ ಹೊಲಿಗೆ ಹಾಕಿದ ವೈದ್ಯೆ ಕೇಳಿದರು: "ಬೀಗ ಯಾರ ಉಪಾಯ?"

"ನಂದೇ."

"ಹಾಗಾದ್ರೆ ಕಾಯಿಲೆಗೇ ಕೆಲಸ ಮಾಡಿಕೊಟ್ಟಿದ್ದೀರಿ. ಉಪವಾಸ ಇದ್ದಷ್ಟೂ ಈ ಹಸಿವು ಕಟ್ಟೆ ಒಡ್ಕೊಂಡು ಬರುತ್ತೆ. ಹೊತ್ತುಹೊತ್ತಿಗೆ ಉಣ್ಲಿ. ವಾರವಾರ ಬಂದು ನನ್ನ ಹತ್ರ ಮಾತಾಡ್ಲಿ. ಉಂಡ ಮೇಲೆ ಒಂದು ಗಂಟೆ ನೀವು ಜೊತೆಗೆ ಕೂತ್ಕೊಳ್ಳಿ... ಕಾವಲಿಗಲ್ಲ."

ಮನೆಗೆ ಮರಳಿದ ದಿನ ಅವಳು ಒಂದು ತಟ್ಟೆ ಅನ್ನ ಉಂಡಳು. ಬಳಿಕ ಎದ್ದು ಬಚ್ಚಲ ಕಡೆ ತಿರುಗಿದಳು. ಬಡಗಿಯ ಮುಷ್ಟಿ ತಾನಾಗಿ ಬಿಗಿಯಿತು; ಅಡ್ಡ ನಿಂತು ತಡೆಯಲು ಅವನ ತೋಳುಗಳು ಹಸಿದಿದ್ದವು. ಆದರೂ ಅವನು ಕೂತಲ್ಲೇ ಕೂತ.

"ಹೋಗ್ಬೇಡ ಅನ್ನಲ್ಲ. ಭಯ ಆಗ್ತಿದೆ, ಅಷ್ಟೇ."

ಅವಳು ನಿಂತಳು, ಮರಳಿ ಬಂದು ಅವನ ಮುಂಗೈ ಹಿಡಿದಳು. ಉಗುರುಗಳು ಚರ್ಮ ಹರಿದು ಒಳಗಿಳಿದವು. ಅವನು ಕೈ ಎಳೆದುಕೊಳ್ಳಲಿಲ್ಲ.

"ಎಷ್ಟು ಹೊತ್ತಾಯ್ತು?"

"ನಲವತ್ತು ನಿಮಿಷ."

"ಸುಳ್ಳು. ಇಪ್ಪತ್ತೂ ಆಗಿಲ್ಲ."

"ಗೊತ್ತಿದ್ದೂ ಯಾಕೆ ಕೇಳ್ತೀಯ ಮತ್ತೆ?"

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು. ಹಿಡಿತ ಮಾತ್ರ ಸಡಿಲಲಿಲ್ಲ. ಗಂಟೆ ಕಳೆಯಿತು.

ಕಾಪಾಡುವ ಆತುರದಲ್ಲಿ ಒಲವು ಎಷ್ಟು ಬೇಗ ಬಲಪ್ರಯೋಗಕ್ಕೆ ಕೈಯೆತ್ತುತ್ತದೆ... ನೋವಿನ ಪಕ್ಕದಲ್ಲಿ ಬರಿಗೈಯಲ್ಲಿ ಕೂರುವ ಧೈರ್ಯ ಅದಕ್ಕೆ ಬರುವುದು ಎಷ್ಟು ತಡವಾಗಿ!