ಸೋದರಮಾವನ ವೀಳ್ಯ

"ವೀಳ್ಯ ಕೊಡಾಕಿಲ್ಲ ಕಣಕ್ಕ. ನೀನು ಕಾಲಿಗ್ ಬಿದ್ರೂ ಕೊಡಾಕಿಲ್ಲ," ಎಂದು ಶಿವಣ್ಣ ಎಲೆಯಡಿಕೆ ತಟ್ಟೆಯನ್ನು ಅಂಗೈಯಲ್ಲಿ ಹಿಂದಕ್ಕೆ ತಳ್ಳಿದ. ತಟ್ಟೆ ಜಾರಿ ಬಂದು ಮಲ್ಲಿಗಮ್ಮನ ಮೊಣಕಾಲಿಗೆ ತಾಗಿತು. ಒಡಹುಟ್ಟಿದ ತಮ್ಮ, ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಆತಗೂರಿನ ಸುತ್ತ ಅವರ ಕುಲದಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಅವಳನ್ನು ಹೊರಗೆ ಕೊಡಬೇಕಾದರೆ ಅವನು ಕುಲದ ಯಜಮಾನನ ಎದುರು ಅಕ್ಕನಿಗೆ ವೀಳ್ಯ ಕೊಟ್ಟು 'ಬುಟ್ಟಿದೀನಿ' ಎಂದು ಹಕ್ಕು ಬಿಡಬೇಕು. ಅನ್ನದೆ ಹೋದರೆ ಆ ಹುಡುಗಿಯನ್ನು ಬೇರೆ ಯಾರೂ ತರುವುದಿಲ್ಲ. ಕಿರುಗಾವಲಿನ ಮೇಷ್ಟ್ರೊಬ್ಬರ ಮನೆಯವರು ಮಲ್ಲಿಗಮ್ಮನ ಮಗಳು ಸಣ್ಣತಾಯಮ್ಮನನ್ನು ಒಪ್ಪಿ, ಶುಕ್ರವಾರ ಬರುತ್ತೇವೆ, ಅಷ್ಟರಲ್ಲಿ ಮಾವನ ವೀಳ್ಯ ಮುಗಿದಿರಲಿ ಎಂದು ಹೇಳಿಹೋಗಿದ್ದರು. ಇವತ್ತಾಗಲೇ ಬುಧವಾರ.

ಯಜಮಾನ ದೊಡ್ಡಸಿದ್ದಯ್ಯ ನಡುಮನೆಯ ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಇದ್ದ. ಕಂಬಕ್ಕೆ ಒರಗಿದ್ದ ದೇವಿರಮ್ಮ ಅಕ್ಕ ತಮ್ಮ ಇಬ್ಬರಿಗೂ ತಾಯಿ. ಆದರೆ ಅವತ್ತು ಅವಳು ಮಗನೊಬ್ಬನಿಗೇ ತಾಯಿಯಾಗಿ ಬಂದಿದ್ದಳು.

"ನನ್ ಮಗ ಏನ್ ಕುಂಟನಾ, ಕುರುಡನಾ? ಐದು ವರ್ಸದಿಂದ ಕಾಯ್ತಾವ್ನೆ. ಸಂಬಳದ ಅಳಿಯ ಸಿಕ್ದ ಅಂತ ತಮ್ಮ ಬ್ಯಾಡವಾದ್ನಾ ನಿಂಗೆ? ನೀನೂ ನನ್ ತಮ್ಮನ್ನೇ ಅಲ್ವೇನೇ ಕಟ್ಕಂಡಿದ್ದು? ನಾನು ನಿನ್ನ ಕೊಟ್ಟಾಗ ಕೆಟ್ಟಿರದಿದ್ದ ರಕ್ತ ಈಗ ಕೆಟ್ಟೋಯ್ತಾ?"

"ಆಗ್ಲೂ ಕೆಟ್ಟಿತ್ತು ಕಣವ್ವ. ಗೊತ್ತಿರ್ನಿಲ್ಲ, ಅಷ್ಟೆ."

ಗೊತ್ತಾಗಿದ್ದು ಹೋದ ಬೇಸಿಗೆಯಲ್ಲಿ. ಹಿರಿಮಗ ಮರಿಸಿದ್ದಯ್ಯನಿಗೆ ಏಳನೇ ವಯಸ್ಸಿಗೆ ಕೈಮೇಲೆ ನರೂಲಿ ಎದ್ದಿತ್ತು. ಮಕ್ಕಳಿಗೆ ಆಗುವುದೇ, ಹೋಗುವುದೇ. ಇವನದು ಹೋಗಲಿಲ್ಲ. ಕೈಯಿಂದ ಕತ್ತಿಗೆ, ಕತ್ತಿನಿಂದ ಹಣೆಗೆ ಹಬ್ಬಿ, ಇಪ್ಪತ್ತೊಂದಕ್ಕೆ ಕಿವಿಯ ಹತ್ತಿರದ್ದು ಹುಣ್ಣಾಯಿತು. ಮೈಸೂರಿನಲ್ಲಿ ಅರ್ಧ ಕಿವಿ ಕತ್ತರಿಸಿ ತೆಗೆದರು. ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ನರಹುಲಿ ಒಂದು ವೈರಸ್ಸಿನಿಂದ ಬರುತ್ತಮ್ಮ. ಎಲ್ಲರ ಮೈಯೂ ಅದನ್ನು ಓಡಿಸಿಬಿಡುತ್ತೆ. ಇವನಿಗೆ ಹುಟ್ಟಿನಿಂದಲೇ ಆ ಶಕ್ತಿ ಇಲ್ಲ, ಅದಕ್ಕೇ ಕ್ಯಾನ್ಸರಿಗೆ ತಿರುಗಿದೆ. ತಾಯಿಗೂ ತಂದೆಗೂ ಒಂದೇ ಮನೆತನದ ರಕ್ತ. ನಿಮ್ಮಿಬ್ಬರಲ್ಲೂ ಅಡಗಿದ್ದ ದೋಷ ಇವನಲ್ಲಿ ಕೂಡಿಕೊಂಡಿದೆ. ಮಗಳನ್ನಾದರೂ ಹೊರಗೆ ಕೊಡಿ."

ಗಂಡ ನಿಂಗಯ್ಯ ತೀರಿಕೊಂಡು ಆರು ವರ್ಷವಾಗಿತ್ತು. ಹೇಳಿಕೊಳ್ಳಲು ಯಾರಿದ್ದರು? ಬಸ್ಸಿನಿಂದ ಇಳಿಯುವಷ್ಟರಲ್ಲಿ ಮಲ್ಲಿಗಮ್ಮ ಸುಳ್ಳೊಂದನ್ನು ಹೊಸೆದಿದ್ದಳು. ಮಗನ ಕಿವಿಯನ್ನು ಹೋರಿ ತಿವಿಯಿತು ಎಂದು ಊರಿಗೆಲ್ಲ ಸಾರಿ, ಅವನನ್ನು ಹಿಂದಿನ ಕೋಣೆಯಲ್ಲಿ ಇಟ್ಟಳು. ಈಗ ಹುಣ್ಣು ಮತ್ತೆ ಎದ್ದಿತ್ತು.

ಡಾಕ್ಟರಮ್ಮ ಅಂದದ್ದನ್ನೆಲ್ಲ ಇವತ್ತು ಬಾಯಿಬಿಟ್ಟು ಹೇಳಿದಾಗ ಆ ಸುಳ್ಳೇ ಅವಳ ಕತ್ತು ಹಿಡಿಯಿತು.

"ನರೂಲಿ ಯಾವನ್ಗ್ ಆಗಲ್ಲ?" ಶಿವಣ್ಣ ನಕ್ಕ. "ಕೆರೆಗೆ ಉಪ್ಪು ಮೆಣಸು ಹಾಕುದ್ರೆ ಓಯ್ತದೆ. ಕಿವೀನ ಓರಿ ತಿವೀತು ಅಂದೋಳು ನೀನೇ. ಎಣ್ಣು ಕೇಳಕ್ ಬಂದ ಮ್ಯಾಲೆ ಕ್ಯಾನ್ಸರು ಅಂತ ಕತೆ ಕಟ್ತೀಯ. ನೋಡಿ ಯಜಮಾನ್ರೇ, ಇವಳ ನಾಲ್ಗೆಗೆ ಮೂಳೆ ಅದಾ?"

"ಆಸ್ಪತ್ರೆ ಚೀಟಿ ಅದೆ."

"ಇಂಗ್ಲೀಸ್ ಚೀಟಿ! ಯಾವನ್ ಓದ್ತಾನೆ ಅದ್ನ?"

ಮಲ್ಲಿಗಮ್ಮ ಎದ್ದಳು. ಸೀದಾ ಹಿಂದಿನ ಕೋಣೆಗೆ ಹೋಗಿ ಬಾಗಿಲು ದೂಡಿದಳು. ಮರಿಸಿದ್ದಯ್ಯ ಬರೀ ಚಡ್ಡಿಯಲ್ಲಿ ಮಲಗಿದ್ದ.

"ಏಳ್ಲಾ, ಬಾ."

"ಯಾಕವ್ವ? ಜನ ಅವ್ರೆ. ತಡಿ, ಅಂಗಿ..."

"ಬಾ ಅಂದ್ರೆ ಬಾ!"

ರಟ್ಟೆ ಹಿಡಿದು ಎಳೆದುತಂದು ನಡುಮನೆಯ ಬೆಳಕಿಗೆ ನಿಲ್ಲಿಸಿ, ತಲೆಗೆ ಸುತ್ತಿದ್ದ ಬಟ್ಟೆಯನ್ನು ಕಿತ್ತಳು. ಕಿವಿ ಇದ್ದ ಜಾಗದಲ್ಲಿ ಹೂಕೋಸಿನ ಹಾಗೆ ಎದ್ದ ಮಾಂಸ, ಅದರ ಅಂಚಿನಲ್ಲಿ ಕೀವು. ಬೆರಳಿನಿಂದ ಭುಜದವರೆಗೆ ಒಂದು ಅಂಗುಲವೂ ಬಿಡದೆ ಗಂಟು. ನಾತ ಮೂಗಿಗೆ ಹೊಡೆಯಿತು. ಶಿವಣ್ಣ ದಡಕ್ಕನೆ ಎದ್ದು ಟವಲನ್ನು ಬಾಯಿಗೆ ಹಿಡಿದ.

"ನೋಡ್ಲಾ! ಓರಿ ತಿವಿದದ್ದಾ ಇದು? ಮೊಕ ತಿರುಗುಸ್ಬ್ಯಾಡ, ನೋಡು. ಇಂಥದೊಂದು ಬೇಕಾ ನಿಂಗೆ? ಬೇಕು ಅಂದ್ರೆ ನಾಳೇನೇ ತಾಳಿ ಕಟ್ಟು!"

"ನಮ್ಮ ದೊಡ್ಡಣ್ಣಂಗೂ ಮೂಗಿನ ಮ್ಯಾಲೆ ಇಂಗೇ..." ಎಂದ ದೇವಿರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮರಿಸಿದ್ದಯ್ಯ ಯಾರನ್ನೂ ನೋಡಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಚಳಿಗೆ ಸಿಕ್ಕವನಂತೆ ನಿಂತಿದ್ದ.

ಶಿವಣ್ಣ ವೀಳ್ಯವನ್ನು ಅಕ್ಕನ ಕೈಗೆ ಕೊಡಲಿಲ್ಲ. ಎರಡು ಎಲೆ, ಒಂದು ಅಡಿಕೆ ಎತ್ತಿ ಮತ್ತೆ ತಟ್ಟೆಗೇ ಎಸೆದ. "ಬುಟ್ಟಿದೀನಿ. ಇನ್ಮೇಲೆ ನಿನ್ ಮನೆ ನೀರೂ ನಂಗ್ ಬ್ಯಾಡ," ಎಂದವನು ಹೊರಟೇಹೋದ. ತಾಯಿಯೂ ಅವನ ಹಿಂದೆ ಹೋದಳು. ದೊಡ್ಡಸಿದ್ದಯ್ಯ ಹೊಸಿಲಲ್ಲಿ ನಿಂತು ಹೇಳಿದ: "ಈ ಮಾತು ಈ ಮನೆ ದಾಟ್ಬಾರ್ದು ಕಣಮ್ಮ. ನಾವು ಮೂರ್ ಜನವೂ ಬಾಯ್ ಬುಡಾಕಿಲ್ಲ. ಕಿರುಗಾವಲಿಗೆ ಗೊತ್ತಾಯ್ತೋ, ನಿನ್ ಮಗಳು ಮನೇಲೇ ಉಳ್ಕತಾಳೆ. ಇವನ್ನ ಒಳಗಿಟ್ಕೋ."

ಗೆದ್ದೆ ಅಂದುಕೊಂಡಳು ಮಲ್ಲಿಗಮ್ಮ. ಅಡುಗೆಮನೆಗೆ ಹೋದರೆ ಸಣ್ಣತಾಯಮ್ಮ ಒಬ್ಬಟ್ಟಿನ ಪಾತ್ರೆಯ ಮುಂದೆ ಕೂತು ಬಿಕ್ಕುತ್ತಿದ್ದಳು.

"ಯಾಕ್ ಅಳ್ತೀಯೆ? ನಿನ್ ದಾರಿ ಬುಡುಸ್ದೆ."

"ದನ ಎಳ್ದಂಗ್ ಎಳ್ಕಬಂದ್ಯಲ್ಲವ್ವ ಅಣ್ಣನ್ನ. ನಿಂಗೆ ನಾಚ್ಕೆ ಆಗಾಕಿಲ್ವಾ?"

ಅಷ್ಟರಲ್ಲೇ ಮುಂಬಾಗಿಲಿನ ಅಗುಳಿ ಸದ್ದಾಯಿತು. ಮಲ್ಲಿಗಮ್ಮ ಓಡಿಬಂದು ನೋಡಿದರೆ ಮರಿಸಿದ್ದಯ್ಯ ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮೈಮೇಲೆ ಅಂಗಿಯಿಲ್ಲ, ತಲೆಗೆ ಬಟ್ಟೆಯಿಲ್ಲ. ನೆಂಟರಿಗೆಂದು ತೊಳೆದಿಟ್ಟಿದ್ದ ಬಾಳೆಎಲೆಯೊಂದನ್ನು ತಾನೇ ಎದುರಿಗೆ ಹಾಸಿಕೊಂಡಿದ್ದ.

"ಒಳೀಕ್ ಬಾರ್ಲಾ ಮಗ. ಶುಕ್ರವಾರ ಒಂದ್ ಕಳೀಲಿ. ನಿನ್ ತಂಗಿ ಗತಿ ಏನ್ಲಾ?"

"ಇಲ್ಲೇ ಬಡ್ಸವ್ವ. ಅಸೀತಾ ಅದೆ."

ಗದ್ದೆಯಿಂದ ಬರುತ್ತಿದ್ದ ಮೂರು ಹೆಂಗಸರು ಬೀದಿಯ ಮಧ್ಯದಲ್ಲೇ ನಿಂತುಬಿಟ್ಟರು. ಒಬ್ಬಳು ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿ ಇತ್ತ ಬಗ್ಗಿ ನೋಡಿದಳು. ಮಲ್ಲಿಗಮ್ಮನಿಗೆ ಮತ್ತೆ ಅವನ ರಟ್ಟೆಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಒಳಗೆ ಹೋಗಿ ಎರಡು ಒಬ್ಬಟ್ಟು ತಂದು ಎಲೆಗೆ ಹಾಕಿದಳು. ತುಪ್ಪದ ಗಿಂಡಿ ಬಗ್ಗಿಸಿದಳು.

ಅವನು ಎಲೆಯ ಮೇಲೆ ಅಡ್ಡಲಾಗಿ ಕೈ ಹಿಡಿದ. ಬೀದಿಯನ್ನೇ ನೋಡುತ್ತ, ಗಂಟು ತುಂಬಿದ ಆ ಕೈಯನ್ನು ಎಲ್ಲರಿಗೂ ಕಾಣುವಂತೆ ಹಾಗೇ ಹಿಡಿದಿದ್ದ.